ನೀರು ತುಂಬುವ ಹಬ್ಬಕ್ಕೆ ಸಿಕ್ಕ ಹಂಡೆ

ನಾನು ತಡೆಯುವಷ್ಟರಲ್ಲಿ ಅತ್ತೆ ಆ ಪುಟ್ಟ ಉಗಿ ಎಂಜಿನ್ನಿನ ಬಾಯ್ಲರಿಗೆ, ಅದನ್ನು ಕಟ್ಟಿದ ಕಂಪನಿಯ ಹಿತ್ತಾಳೆ ಫಲಕದ ಮೇಲೇ ಕುಂಕುಮವಿಟ್ಟು, ತಮ್ಮ ಮುಡಿಯ ಸೇವಂತಿಗೆ ಸಿಕ್ಕಿಸಿಬಿಟ್ಟಿದ್ದರು. ತೊಂಬತ್ತರ ದಶಕದ ಮಾತು, ಅಟ್ಲಾಂಟಾ ಬಳಿಯ ರೈಲು ಮ್ಯೂಸಿಯಂ. ಒಂದು ಕಾಲಕ್ಕೆ ಕಲ್ಲು ಕ್ವಾರಿಯಲ್ಲಿ ದುಡಿದಿದ್ದ ಆ ಎಂಜಿನ್ನಿಗೆ ಡ್ರೈವರ್ ಪೈಪು ಹಿಡಿದು ನೀರು ತುಂಬಿಸುತ್ತಿದ್ದ. ನಮಗೂ ಅಂದು ದೀಪಾವಳಿಯ ನೀರು ತುಂಬುವ ಹಬ್ಬ!

“ನಿಮ್ಮನೇಲಂತೂ ಹಂಡೆನೇ ಇಲ್ಲ. ಇಲ್ಲಾದ್ರೂ ಒಂದು ಸಿಕ್ತಲ್ಲಮ್ಮ!” ಎಂದರು ಅತ್ತೆ.

ನಾಳೆಯ ಎಣ್ಣೆಸ್ನಾನದ ನೀರಿಗೆ ಇವತ್ತೇ ಪೂಜೆ ಎಂದು ಡ್ರೈವರಿಗೆ ಇಂಗ್ಲಿಷಿನಲ್ಲಿ ತಿಳಿಸಿದೆ. ಅವನು ಬಾಯ್ಲರನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ, ಸ್ನಾನಕ್ಕೆ ಒಟ್ಟು ಎಷ್ಟು ಜನ ಬರುತ್ತೀರಿ ಎಂದು ಗಾಬರಿಯಿಂದ ಕೇಳಿದ.

ಮರುದಿನ ಎಲ್ಲರೂ ಶವರಿನಲ್ಲೇ ಮಿಂದೆವು. ಅತ್ತೆ ಮಾತ್ರ ಅಲ್ಲಿ ತೆಗೆಸಿಕೊಂಡಿದ್ದ ಎಂಜಿನ್ನಿನ ಫೋಟೊದ ಹಿಂದೆ ‘ಈ ವರ್ಷದ ಹಂಡೆ’ ಎಂದು ಬರೆದು ಮೈಸೂರಿಗೆ ಕಳಿಸಿದರು. ಅದು ತಲುಪಿದ ಮೇಲೆ ಅಲ್ಲಿಂದ ನಾದಿನಿ ಫೋನ್ ಮಾಡಿದಳು: “ಅತ್ತಿಗೆ, ಹಂಡೆ ಚೆನ್ನಾಗಿದೆ. ಚಕ್ರ ಯಾಕೆ?”