ಬ್ರೇಕಿಗೆ ಬಿಟ್ಟ ತೆಂಗಿನೆಣ್ಣೆ

ಈ ಊರಿನ ಚಳಿಗೆ ತೆಂಗಿನೆಣ್ಣೆ ಬಾಟಲಿಯೊಳಗೇ ಬೆಣ್ಣೆಯಂತೆ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಕರಗಿಸುತ್ತಿದ್ದೆ. ಪರಿಮಳ ಎದ್ದದ್ದೇ ತಡ, ಒಬ್ಬಳೇ ನಗತೊಡಗಿದೆ. ಆಮೇಲೆ ಕಣ್ಣೊರೆಸಿಕೊಂಡೆ. ನೀವೇನೂ ಗಾಬರಿಯಾಗಬೇಡಿ. ಕೂತುಕೊಳ್ಳಿ, ಹೇಳುತ್ತೇನೆ.

ಅರವತ್ತರ ದಶಕದ ಮಾತು. ಮದುವೆಯಾದ ವರ್ಷವೇ ಕುಂದಾಪುರ ಬಿಟ್ಟು ಈ ಅಹಮದಾಬಾದಿನ ಮಣಿನಗರಕ್ಕೆ ಬಂದೆ. ನಮ್ಮವರದು ವಿಮೆಯ ಕೆಲಸ. ತಿಂಗಳಲ್ಲಿ ಹದಿನೈದು ದಿನ ವಡೋದರಾ, ಸೂರತ್ ಎಂದು ಟೂರು. ವಡೋದರಾ ಆಗ ನಮ್ಮ ಬಾಯಲ್ಲಿ ಬರೋಡ. ಅದಕ್ಕೆಂದೇ ಒಂದು ಹಳೆಯ ಮೋಟಾರ್ ಸೈಕಲ್ಲು, ಎರಡೂ ಬದಿಗೆ ತಗಡಿನ ಪೆಟ್ಟಿಗೆ. ಕಡಲಿಲ್ಲದ ಊರಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. "ಸೂರತ್ತಿನ ಹತ್ತಿರ ಡುಮಸ್ ಅಂತ ಉಂಟು, ಅಲ್ಲಿ ಕಡಲುಂಟು. ಒಮ್ಮೆ ಬೈಕಿನಲ್ಲೇ ಕರಕೊಂಡು ಹೋಗ್ತೇನೆ" ಎಂದಿದ್ದರು. ಆ ಒಂದು ಮಾತು ಹಿಡಿದುಕೊಂಡು ನಾನು ದಿನ ದೂಡುತ್ತಿದ್ದೆ.

ಆದರೆ ಅದರ ಬ್ರೇಕು! ಮೊದಲು ಕಿರುಚುತ್ತಿತ್ತು, ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುವಷ್ಟು. ಆಮೇಲೆ ಕಿರುಚುವುದೂ ನಿಂತಿತು, ಹಿಡಿಯುವುದೂ ನಿಂತಿತು. ಇವರು ಬಾಯಿಬಿಡಲಿಲ್ಲ. ನನಗೆ ತಿಳಿದದ್ದು ಚಪ್ಪಲಿಯಿಂದ. ಹೊಸ ಚಪ್ಪಲಿಯ ಹಿಮ್ಮಡಿ ತಿಂಗಳೊಳಗೆ ಸವೆದು ಹೋಗಿತ್ತು. ಕೇಳಿದರೆ, "ನಿಲ್ಲಿಸಲಿಕ್ಕೆ ಸ್ವಲ್ಪ ಕಾಲೂ ಕೊಡಬೇಕಾಗ್ತದೆ" ಎಂದರು, ಏನೂ ಆಗದವರ ಹಾಗೆ.

ಮೆಕ್ಯಾನಿಕ್ ಕಾಂತಿಭಾಯಿ ಕೇಬಲ್ ಬದಲಿಸಿದರು. ಎಲ್ಲಿಂದಲೋ ಗ್ರೀಸ್ ಸೋರುತ್ತದೆ ಎಂದು ಬೈದುಕೊಂಡು ಚಕ್ರದೊಳಗೆ ಉಜ್ಜಿ ಹಿಡಿದು ನಿಲ್ಲಿಸುವ ಬ್ರೇಕ್ ಲೈನಿಂಗನ್ನೇ ಹೊಸದು ಹಾಕಿದರು. ನಾಲ್ಕು ದಿನ ಸರಿ, ಮತ್ತೆ ಅದೇ ಕಥೆ. ನಡಿಯಾದಿನ ಹತ್ತಿರ ಎಮ್ಮೆಗಳ ನಡುವೆ ನುಗ್ಗಿ ಹೇಗೋ ಬಚಾವಾಗಿ ಬಂದ ದಿನ ಇವರಿಗೂ ಸಾಕಾಯಿತು. "ಗಾಡಿ ಮಾರಿಬಿಡ್ತೇನೆ. ನಿನ್ನನ್ನು ಇದರಲ್ಲಿ ಕೂರಿಸಲಿಕ್ಕೆ ನನಗೆ ಧೈರ್ಯ ಇಲ್ಲ" ಎಂದರು. ಡುಮಸ್ ಅಲ್ಲಿಗೆ ಮುಗಿಯಿತು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಕೊನೆಯ ಸಲ ನೋಡುವ ಎಂದು ಕಾಂತಿಭಾಯಿ ನಮ್ಮ ಅಂಗಳದಲ್ಲೇ ಚಕ್ರ ಬಿಚ್ಚಿದರು. ಲೈನಿಂಗನ್ನು ಮೂಗಿಗೆ ಹಿಡಿದರು. ಇನ್ನೊಮ್ಮೆ ಮೂಸಿದರು. ಚಹಾ ತಂದು ನಿಂತಿದ್ದ ನನ್ನ ಜಡೆಯ ಕಡೆ ನೋಡಿದರು. "ಭಾಭಿ, ಕೋಪರೇಲ್?" ಅವರ ಭಾಷೆಯಲ್ಲಿ ತೆಂಗಿನೆಣ್ಣೆಗೆ ಕೋಪರೇಲ್ ಅನ್ನುತ್ತಾರೆ.

ಅಯ್ಯೋ ದೇವರೇ! ಹೌದು, ನಾನೇ. ಬಾಗಿಲು ಕಿರುಗುಟ್ಟಿದರೆ, ಬಾವಿಯ ರಾಟೆ ಕಿರುಗುಟ್ಟಿದರೆ ನಮ್ಮಲ್ಲಿ ಎಣ್ಣೆಯನ್ನೇ ಅಲ್ಲವೇ ಬಿಡುವುದು? ಇವರು ಟೂರಿಗೆ ಹೊರಡುವ ಬೆಳಿಗ್ಗೆ, ಸ್ನಾನಕ್ಕೆ ಹೋದಾಗ, ಹೊಲಿಗೆ ಮೆಷಿನ್ನಿನ ಎಣ್ಣೆಡಬ್ಬಿಯಲ್ಲಿ ಊರಿಂದ ಬಂದ ತೆಂಗಿನೆಣ್ಣೆ ತುಂಬಿ ಚಕ್ರದ ಸಂದಿಗೆ ಬಿಡುತ್ತಿದ್ದೆ. ನನ್ನ ತಲೆಗೆ ಹಚ್ಚಲು ಜಿಪುಣತನ ಮಾಡಿ ಉಳಿಸಿದ ಎಣ್ಣೆ! ಬ್ರೇಕು ಹಿಡಿಯುವುದಿಲ್ಲ ಎಂದು ತಿಳಿದ ಮೇಲೆ ಇನ್ನೂ ನಾಲ್ಕು ಹನಿ ಜಾಸ್ತಿಯೇ, ಕ್ಷೇಮವಾಗಿ ಹೋಗಿಬರಲಿ ಎಂದು.

ಎಲ್ಲ ಒಪ್ಪಿಕೊಂಡು ಸೆರಗು ಬಾಯಿಗಿಟ್ಟುಕೊಂಡು ನಿಂತೆ. ಇವರು ನೆಲದ ಮೇಲೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮಾರಾಯ್ತಿ, ನನ್ನನ್ನು ಕೊಲ್ಲಲಿಕ್ಕೆ ಇಷ್ಟು ಒಳ್ಳೆಯ ಎಣ್ಣೆ ಯಾಕೆ? ಇಲ್ಲಿಯ ನೆಲಕಡಲೆ ಎಣ್ಣೆ ಸಾಕಿತ್ತಲ್ಲ!"

ಚಕ್ರದೊಳಗಿನ ಬ್ರೇಕ್ ಡ್ರಮ್ಮನ್ನು ಪೆಟ್ರೋಲಿನಲ್ಲಿ ತೊಳೆದು, ಉಜ್ಜಿ, ಮತ್ತೆ ಹೊಸ ಲೈನಿಂಗ್ ಹಾಕಿದ್ದಾಯಿತು. ಮುಂದಿನ ಶನಿವಾರ ನಾವಿಬ್ಬರೂ ಸೂರತ್ತಿಗೆ ಹೊರಟೆವು.

ದಾರಿಯುದ್ದಕ್ಕೂ ಇವರಿಗೆ ಬ್ರೇಕಿನದೇ ಹುರುಪು. ಒತ್ತಿದರೆ ಗಾಡಿ ಗಕ್ಕನೆ ನಿಲ್ಲುವುದು, ನಾನು ಅವರ ಬೆನ್ನಿಗೆ ಹೋಗಿ ಬೀಳುವುದು. "ಈಗ ನಂಬಿಕೆ ಬಂತಾ?" "ಇಲ್ಲ, ಇನ್ನೊಮ್ಮೆ ನಿಲ್ಲಿಸಿ ನೋಡುವ." ಬರೋಡ ದಾಟಿದರೂ ನನಗೆ ನಂಬಿಕೆ ಬರಲಿಲ್ಲ, ನರ್ಮದೆಯ ಸೇತುವೆ ದಾಟಿದರೂ ಬರಲಿಲ್ಲ. ಡುಮಸ್ಸಿನಲ್ಲಿ ನೀರು ಕೆಸರು, ಮರಳು ಕಪ್ಪು. ಸ್ವಲ್ಪ ಹೊತ್ತಿಗೇ "ಹೊರಡುವ" ಎಂದೆ. "ಇದಕ್ಕೇ ಇಷ್ಟು ಹಂಬಲಿಸಿದ್ದಾ?" ಎಂದು ಇವರು ಮುಖ ಸಣ್ಣ ಮಾಡಿದರು. ಮತ್ತೆ ಅಷ್ಟೂ ದಾರಿ ಅವರ ಹಿಂದೆ ಕೂತು ಬರುವ ಆಸೆ ಎಂದು ಅವರಿಗೆ ಹೇಗೆ ಹೇಳಲಿ? ಗಂಡನ ಹತ್ತಿರ ಅಂಥದ್ದನ್ನೆಲ್ಲ ಹೇಳುವ ಕ್ರಮ ನಮಗೆ ಇರಲಿಲ್ಲ.

ಇವತ್ತು ನಿಮ್ಮೆದುರು ಬಾಯಿಬಿಟ್ಟೆ. ಕೇಳಬೇಕಾದವರು ಹೋಗಿ ಹನ್ನೊಂದು ವರ್ಷವಾಯಿತು. ಆದರೂ ಬಾಯಿಬಿಟ್ಟ ಮೇಲೆ ಅವರಿಗೂ ಹೇಳಿಯೇಬಿಡುತ್ತೇನೆ: ಕೇಳಿದ್ರಾ, ಮೊದಲನೇ ಸಲ ನಿಲ್ಲಿಸಿದಾಗಲೇ ನನಗೆ ನಂಬಿಕೆ ಬಂದಿತ್ತು.