ಮೇಜು ಡೊಂಕಲ್ಲ

ಭಾನುವಾರದ ಬೆಳಕು ಇನ್ನೂ ಕಿಟಕಿಯ ಗಾಜಿನ ಆಚೆಗೇ ನಿಂತಿದೆ, ಒಳಗೆ ಬರಲು ಸಂಕೋಚಪಡುವ ದೂರದ ನೆಂಟನಂತೆ. ಕೋಲಿನಿಂದ ಚೆಂಡು ಹೊಡೆದು ಆಡುವ ಪೂಲ್ ಹಾಲಿನ ಮೂಲೆಯ ಮೇಜಿನ ಹಸಿರು ಬಟ್ಟೆಯನ್ನು ಆಕೆ ಮೃದುವಾದ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಗುಡಿಸುತ್ತಿದ್ದಾರೆ. ಗುಡಿಸಿದ ಮೇಲೆ ರಸಮಟ್ಟ ಇಡುತ್ತಾರೆ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಟ್ಟನಡುವೆ ಬಂದು ನಿಲ್ಲುತ್ತದೆ. ಅವರಿಗೆ ಅಷ್ಟು ಸಾಲದು. ಬಿಳಿ ಚೆಂಡೊಂದನ್ನು ಬೆರಳ ತುದಿಯಿಂದ ಮೆಲ್ಲಗೆ ತಳ್ಳಿ, ಅದು ಉಸಿರು ಬಿಡುವ ಜಾಗಕ್ಕೆ ಕಣ್ಣು ನೆಟ್ಟು ಕಾಯುತ್ತಾರೆ.

“ಜೋರಾಗಿ ಓಡೋ ಚೆಂಡು ಸುಳ್ಳು ಹೇಳುತ್ತೆ. ನಿಲ್ಲೋ ಹೊತ್ತಿಗೆ ನಿಜ ಬಾಯಿಬಿಡುತ್ತೆ,” ಎನ್ನುತ್ತಾರೆ.

ಚೆಂಡು ನೇರವಾಗಿ ಹೋಗಿ ನಿಲ್ಲುತ್ತದೆ. ಅವರ ಹುಬ್ಬಿನ ಗಂಟು ಮಾತ್ರ ಸಡಿಲವಾಗುವುದಿಲ್ಲ.

ಇಲ್ಲಿ ಎಲ್ಲರಿಗೂ ಅವರು ‘ಅಕ್ಕ’. ತಲೆ ಪೂರ್ತಿ ನರೆತ ಮಾಲೀಕರೂ ಹಾಗೇ ಕರೆಯುತ್ತಾರೆ. “ನನಗಿಂತ ದೊಡ್ಡವರು, ಅಕ್ಕ ಅಂತಾರೆ. ಇರ್ಲಿ ಬಿಡಿ, ಅವರಿಗಾದ್ರೂ ವಯಸ್ಸು ಇಳೀಲಿ!” ಎಂದು ನಗುತ್ತಾರೆ ಅಕ್ಕ. ಮೊದಲು ಅವರು ಬಸ್ಸಿನ ಸೀಟುಗಳಿಗೆ ಹೊದಿಕೆ ಹೊಲಿಯುತ್ತಿದ್ದರು. ಆ ಕಾರ್ಖಾನೆ ಮುಚ್ಚಿದ ವರ್ಷ, ಮೇಜಿನ ಹರಿದ ಬಟ್ಟೆಯೊಂದನ್ನು ಸರಿಮಾಡಲೆಂದು ಇಲ್ಲಿಗೆ ಬಂದವರು ಇಲ್ಲೇ ಉಳಿದರು. ಕಲ್ಲಿನ ಹಾಸಿನ ಮೇಲೆ ಸುಕ್ಕಿಲ್ಲದಂತೆ ಬಟ್ಟೆ ಬಿಗಿಯುವುದು, ಕೋಲಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸುವುದು, ನಾಲ್ಕು ಮೇಜುಗಳನ್ನೂ ಮಟ್ಟವಾಗಿಡುವುದು ಅವರ ಕೆಲಸ. ಹಾಲು ಹಂಚುವ ವ್ಯಾನು ಓಡಿಸುವ ಗಂಡನಿಗೆ ಇದೊಂದು ಮುಗಿಯದ ತಮಾಷೆ: “ಊರ ಮೇಜೆಲ್ಲ ನೆಟ್ಟಗೆ ಮಾಡ್ತಾಳೆ. ನಮ್ಮನೆ ಊಟದ ಮೇಜಿನ ಕಾಲು ಮಾತ್ರ ಮದುವೆಯಾದಾಗಿನಿಂದ ಕುಣೀತಾ ಇದೆ!”

ಇಂದು ಆ ತಮಾಷೆಗೂ ಅವರು ನಕ್ಕಿಲ್ಲ. ಮೂಲೆಯ ಮೇಜಿಗೆ ಕೆಟ್ಟ ಹೆಸರು ಬಂದಿದೆ. ಹೊಡೆತ ತಪ್ಪಿದವರೆಲ್ಲ “ಎಡಕ್ಕೆ ಎಳೆಯುತ್ತೆ” ಎಂದು ದೂರುತ್ತಾರೆ. ಹೊಸಬರಿಗಾಗಿ ಇಂದು ನಡೆಯುವ ಪಂದ್ಯದಲ್ಲೂ ಅದೇ ಮಾತು ಕೇಳಿಬಂದರೆ ಮೇಜನ್ನು ಮಾರಿ, ಆ ಜಾಗದಲ್ಲಿ ವಿಡಿಯೋ ಆಟದ ಯಂತ್ರಗಳನ್ನಿಡುವುದೆಂದು ಮಾಲೀಕರು ತೀರ್ಮಾನಿಸಿದ್ದಾರೆ. “ಮೇಜಿನ ಮೇಲೆ ನನಗೇನು ಹಗೆನಾ ಅಕ್ಕ? ಜನ ಮುಟ್ಟಲ್ಲ ಅಂದ್ರೆ ಏನು ಮಾಡ್ಲಿ?” ಮೂರೇ ಮೇಜು ಉಳಿದರೆ ಪೂರ್ತಿ ದಿನದ ಆಳು ಬೇಕಾಗುವುದಿಲ್ಲ. ಅದನ್ನು ಮಾಲೀಕರು ಹೇಳಿಲ್ಲ. ಹೇಳದೆಯೇ ಆಕೆಗೆ ಕೇಳಿಸಿದೆ.

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಅವರ ನಾಲಿಗೆಯ ತುದಿಗೆ ಬಂದು ಹಿಂದಿರುಗುತ್ತದೆ. ಗಿರಾಕಿಗಳಿಗೆ ಅದನ್ನು ಹೇಳುವಂತಿಲ್ಲ. ಮೇಲಾಗಿ, ನೆಲವನ್ನು ಡೊಂಕು ಮಾಡಿದ ಪಾಲು ಅವರದೂ ಇದೆ. “ಒಬ್ಬರು ಎಡಕ್ಕೆ ಅಂದ್ರೆ ಎಡಗಾಲಿನ ಕೆಳಗೆ ರಟ್ಟು. ಇನ್ನೊಬ್ಬರು ಬಲಕ್ಕೆ ಅಂದ್ರೆ ಬಲಗಾಲಿಗೂ ಒಂದು. ಹೀಗೆ ಎಲ್ಲರ ಮಾತೂ ಕೇಳಿ ಕೇಳಿ ಕೊನೆಗೆ ನಿಜವಾಗ್ಲೂ ಸೊಟ್ಟ ಆಯ್ತು ನೋಡಿ!”

ಹೋದ ವಾರ ಎಲ್ಲ ರಟ್ಟನ್ನೂ ಕಿತ್ತೆಸೆದು ಮೇಜನ್ನು ಹೊಸದಾಗಿ ಮಟ್ಟ ಮಾಡಿದರು. ಆದರೂ ಹೊಡೆತಗಳು ತಪ್ಪುತ್ತಲೇ ಇದ್ದವು. ಆಗ ಅವರು ಚೆಂಡನ್ನು ನೋಡುವುದು ಬಿಟ್ಟು ಆಡುವವರನ್ನು ನೋಡತೊಡಗಿದರು. ಸರದಿಗೆ ಕಾಯುವವರ ಬೆಂಚು ಇರುವುದು ಈ ಮೇಜಿನ ಪಕ್ಕದಲ್ಲೇ. ಅಷ್ಟು ಕಣ್ಣುಗಳ ಮುಂದೆ ಬಾಗಿದವನಿಗೆ ಫಲ ನೋಡುವ ಆತುರ. ಕೋಲು ಬಿಳಿ ಚೆಂಡನ್ನು ಮುಟ್ಟುವ ಮೊದಲೇ ತಲೆ ಏಳುತ್ತದೆ. ತಲೆಯ ಹಿಂದೆ ಭುಜ, ಭುಜದ ಹಿಂದೆ ಮೊಣಕೈ. ಕೋಲು ಕೂದಲೆಳೆಯಷ್ಟು ವಾಲುತ್ತದೆ. ಚೆಂಡು ತಾನು ಬೀಳಬೇಕಾದ ಪಾಕೆಟ್ಟಿನ ಬಾಯಿಗೆ ಬರುವ ಹೊತ್ತಿಗೆ ಆ ಕೂದಲೆಳೆ ಗೇಣಾಗಿ ಬೆಳೆದಿರುತ್ತದೆ.

ಅವರು ಬೆಂಚನ್ನು ಕಂಬದ ಹಿಂದಕ್ಕೆ ಎಳೆದು ಹಾಕಿದ್ದಾರೆ. ಆದರೆ ಪಂದ್ಯ ಶುರುವಾಗುತ್ತಲೇ ಜನ ಮೇಜಿನ ಸುತ್ತ ಗೋಡೆ ಕಟ್ಟಿದಂತೆ ನಿಲ್ಲುತ್ತಾರೆ. ಆಡಲು ಬಂದ ಔಷಧಿ ಅಂಗಡಿಯವರು ಸುಲಭದ ಚೆಂಡೊಂದನ್ನು ತಪ್ಪಿಸಿ ಕೋಲನ್ನು ನೆಲಕ್ಕೆ ಕುಟ್ಟುತ್ತಾರೆ.

“ನೋಡಿದ್ರಾ? ಎಡಕ್ಕೆ! ನಾನು ಹೇಳಿಲ್ವಾ?”

ಮಾಲೀಕರು ಅಕ್ಕನ ಮುಖ ನೋಡುತ್ತಾರೆ. ಅಕ್ಕ ಆಟ ಮುಗಿಯುವವರೆಗೂ ಕಾದು, ಬಿಳಿ ಚೆಂಡನ್ನೂ ತಪ್ಪಿದ ಚೆಂಡನ್ನೂ ಮೊದಲಿದ್ದ ಜಾಗದಲ್ಲೇ ಇಡುತ್ತಾರೆ.

“ಅಣ್ಣಾ, ಇನ್ನೊಂದು ಸಲ ಹೊಡೀರಿ.”

“ಮತ್ತೆ ಮರ್ಯಾದೆ ಕಳೀಬೇಕಾ ಅಕ್ಕ?”

“ಕಳೆದ್ರೆ ನಂದೂ ಕಳೀಲಿ. ಗಲ್ಲ ಕೋಲಿಗೆ ತಾಗಿಸಿ ಬಾಗಿ. ಚೆಂಡು ಬಿತ್ತಾ ಅಂತ ನೋಡಬೇಡಿ, ಕೇಳಿಸ್ಕೊಳ್ಳಿ. ಸದ್ದು ಬರೋವರೆಗೂ ಏಳೋ ಹಾಗಿಲ್ಲ.”

ಔಷಧಿ ಅಂಗಡಿಯವರು ಬಾಗುತ್ತಾರೆ. ಹೊಡೆಯುತ್ತಾರೆ. ತಲೆ ಮೇಲೇಳುತ್ತದೆ, ಚೆಂಡು ಎಡಕ್ಕೆ ಸರಿದು ಅಂಚಿಗೆ ಬಡಿಯುತ್ತದೆ. ಗುಂಪಿನಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ. ಮಾಲೀಕರು ದೀರ್ಘವಾಗಿ ಉಸಿರು ಬಿಡುತ್ತಾರೆ.

“ಎದ್ದುಬಿಟ್ರಿ,” ಎನ್ನುತ್ತಾರೆ ಅಕ್ಕ, ಚೆಂಡುಗಳನ್ನು ಮತ್ತೆ ಜೋಡಿಸುತ್ತಾ. “ಇನ್ನೊಂದು ಸಲ.”

ಈ ಬಾರಿ ಅವರು ಕಣ್ಣನ್ನೇ ಮುಚ್ಚಿಬಿಡುವವರಂತೆ ಬಾಗಿದ್ದಾರೆ. ಕೋಲು ಸರಿಯುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪಾಕೆಟ್ಟಿನ ಆಳದಿಂದ ‘ಟೊಪ್’ ಎಂಬ ದಪ್ಪನೆಯ ಸದ್ದು. ಔಷಧಿ ಅಂಗಡಿಯವರು ಬಾಗಿದಲ್ಲೇ ಇದ್ದಾರೆ, ಫೋಟೋಗೆ ನಿಂತವರಂತೆ.

“ಅಕ್ಕ, ಈಗ ಏಳಬಹುದಾ?”

ಪೂಲ್ ಹಾಲಿಗೆ ಹಾಲೇ ನಗುತ್ತದೆ. ಒಬ್ಬೊಬ್ಬರೇ ತಮಗೂ ಒಂದು ಸರದಿ ಕೊಡಿ ಎಂದು ಮೂಲೆಯ ಮೇಜಿಗೆ ಮುಗಿಬೀಳುತ್ತಾರೆ. ಮಾಲೀಕರು ಕತ್ತು ಕೆರೆದುಕೊಳ್ಳುತ್ತಾ, “ಯಂತ್ರ ತರೋನಿಗೆ ಬೇಡ ಅಂತ ಫೋನ್ ಮಾಡ್ತೀನಿ. ನಾಳೆ ಬೇಗ ಬಾ ಅಕ್ಕ, ಈ ಜನ ಬಟ್ಟೇನ ಚಿಂದಿ ಮಾಡ್ತಾರೆ,” ಎಂದು ಗೊಣಗುತ್ತಾರೆ.

ಆಕೆಯ ಹುಬ್ಬು ಈಗ ಸಡಿಲವಾಗಿದೆ. ಇನ್ನೇನು ಬೇಕೆಂದು ಕೇಳಿದರೆ, ಕೋಲಿನ ತುದಿಗೆ ಉಜ್ಜುವ ಸೀಮೆಸುಣ್ಣದಿಂದ ಬೆರಳಿಗಂಟಿದ ನೀಲಿ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

“ಎಲ್ಲರೂ ಗೆಲ್ಲೋಕಾಗಲ್ಲ, ತಪ್ಪೋದು ಇದ್ದಿದ್ದೇ. ಆದ್ರೆ ತಪ್ಪಿದಾಗ ಯಾರಾದ್ರೂ ಒಬ್ಬರು, ‘ಛೇ, ನಾನೇ ಎದ್ದುಬಿಟ್ಟೆ’ ಅಂತ ಅನ್ಬೇಕು. ಅಷ್ಟು ಕಿವಿಗೆ ಬಿದ್ರೆ ಸಾಕು ನನಗೆ.”