ಕಾತ್ಯಾಯಿನಿ ತನಗಾಗಿ ಕಾರು ನೋಡಿದ್ದು

ಜರ್ಮನ್‌ಟೌನಿನ ಕನ್ನಡದವರು ಹೊಸ ಕಾರು ಕೊಳ್ಳಬೇಕೆಂದರೆ ಬ್ಯಾಂಕಿಗಿಂತ ಮೊದಲು ಕಾತ್ಯಾಯಿನಿಯ ಅಪಾರ್ಟ್‌ಮೆಂಟಿಗೆ ಬರುತ್ತಿದ್ದರು. ಚೌಕಾಸಿಯಲ್ಲಿ ಅವಳದು ಎತ್ತಿದ ಕೈ. ಮೈಸೂರಿನ ಮಾರ್ಕೆಟ್ಟಿನಲ್ಲಿ ಅವಳು ಬರುವುದನ್ನು ಕಂಡರೆ ಸೊಪ್ಪಿನವರು ಬುಟ್ಟಿಗೆ ಗೋಣಿ ಮುಚ್ಚುತ್ತಿದ್ದರೆಂದು ಗಂಡ ಮುರಳೀಧರ ಎಲ್ಲರಿಗೂ ಹೇಳುತ್ತಿದ್ದ. ಅದು ಶುದ್ಧ ಸುಳ್ಳು. ಅವಳು ಬಾಯಿ ತೆರೆಯುವ ಮೊದಲೇ ಕೊಸರು ಹಾಕಿ ಕಳಿಸುತ್ತಿದ್ದರು, ಅಷ್ಟೆ.

ತಮಾಷೆಯೆಂದರೆ ಅವಳಿಗೆ ಡ್ರೈವಿಂಗೇ ಬರುತ್ತಿರಲಿಲ್ಲ. ಊರವರ ಕಾರಿಗೆಲ್ಲ ಬೆಲೆ ಇಳಿಸಿಕೊಟ್ಟು, ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಬರುತ್ತಿದ್ದಳು.

ಅವಳ ವಿದ್ಯೆ ಪುಸ್ತಕದಲ್ಲಿ ಓದಿದ್ದಲ್ಲ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಕಲಿತದ್ದು. ಮದುವೆಗೆ ಮುಂಚೆ ಗಂಡಿನ ಕಡೆಯವರ ಮುಂದೆ ಬೇಕಾದಷ್ಟು ಸಲ ಕೂತೆದ್ದಿದ್ದಳು. ಬಂದವರು ಉಪ್ಪಿಟ್ಟು, ಕೇಸರಿಬಾತು ತಿಂದು, ಹಾಡು ಹೇಳಿಸಿ, ಕಾಫಿ ಕುಡಿದು, ಹಿಡಿಸಿತೋ ಇಲ್ಲವೋ ಮುಖದಲ್ಲಿ ಒಂದಿಷ್ಟೂ ತೋರಿಸದೆ, “ಊರಿಗೆ ಹೋಗಿ ಕಾಗದ ಬರೀತೀವಿ” ಎಂದು ಎದ್ದುಬಿಡುತ್ತಿದ್ದರು. ಯಾರಿಗೂ ಸೊಪ್ಪು ಹಾಕದ ಅವಳಪ್ಪ ಆ ಒಂದು ಮಾತಿಗೆ ಕುಗ್ಗಿಹೋಗಿ, ಅವರ ಹಿಂದೆ ಗೇಟಿನವರೆಗೂ ಹೋಗಿ, ಬೆಳ್ಳಿ ಚೊಂಬಿನ ಜೊತೆ ತಟ್ಟೆಯನ್ನೂ ಕೊಡುತ್ತೇನೆಂದು ತಾವಾಗಿಯೇ ಹೇಳುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಅವಳು ಅದನ್ನು ನೋಡಿದ್ದಳು. ಹೊಟ್ಟೆ ಉರಿದಿತ್ತು, ಆದರೆ ಪಾಠ ಮರೆಯಲಿಲ್ಲ.

ರಾಕ್‌ವಿಲ್ಲಿನ ಕಾರಿನಂಗಡಿಯಲ್ಲಿ ಆ ಪಾಠವನ್ನು ಹಾಗೇ ಒಪ್ಪಿಸುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದ ಪ್ರಶಾಂತ್ ಮತ್ತು ರಚನಾ ಜೊತೆ ಹೋದಾಗ, ಕೆಂಪು ಕಾರೊಂದನ್ನು ಕಂಡು ಪ್ರಶಾಂತ್ “ವಾವ್!” ಎಂದುಬಿಟ್ಟ.

“ನೀನು ಹೊರಗೆ ಪಾರ್ಕಿಂಗ್ ಲಾಟ್‌ನಲ್ಲಿ ನಿಂತ್ಕೋಪ್ಪ,” ಎಂದಳು ಕಾತ್ಯಾಯಿನಿ. “ನಿನ್ನ ಒಂದು ವಾವ್‌ಗೆ ಐನೂರು ಡಾಲರ್ ಆಗುತ್ತೆ.”

ಆಮೇಲೆ ಸೇಲ್ಸ್‌ಮನ್ ಡೇವ್ ಕೊಟ್ಟ ನೀರುಕಾಫಿಯನ್ನು ಪೂರ್ತಿ ಕುಡಿದು, ಕೆಂಪು ಬಣ್ಣ ಬೇಗ ಮಾಸುತ್ತದೆಂದು ಗೊಣಗಿ, ಮನೆಗೆ ಹೋಗಿ ತಿಳಿಸುತ್ತೇವೆಂದು ಇಂಗ್ಲಿಷಿನಲ್ಲಿ ಹೇಳಿ ಎದ್ದಳು. ಡೇವ್ ಬಾಗಿಲವರೆಗೂ ಬಂದ. ಅಪ್ಪನ ನೆನಪಾಗಿ ಒಂದು ಗಳಿಗೆ ಅವಳಿಗೆ ಪಾಪವೆನಿಸಿತು. ಸಂಜೆಯೊಳಗೆ ಫೋನ್ ಬಂತು, ಬೆಲೆ ಇಳಿಯಿತು. ಕೊಸರಿಗೆ ಕಾಲಡಿಯ ಮ್ಯಾಟುಗಳೂ ಬಂದವು.

ಮುರಳೀಧರನಿಗೆ ಮಾತ್ರ ಈ ಯಾತ್ರೆಗಳಲ್ಲಿ ಪ್ರವೇಶವಿರಲಿಲ್ಲ. ಕಾರಣ ಹಳೆಯದು. ಅವಳನ್ನು ನೋಡಲು ಬಂದ ದಿನ, ಅವನ ಸೋದರಮಾವ ಗಂಟಲು ಸರಿಮಾಡಿಕೊಂಡು ಊರು, ಕಾಗದ ಎಂದು ಶುರುಮಾಡುವಷ್ಟರಲ್ಲಿ, ಈ ಪುಣ್ಯಾತ್ಮ ಬಾಯಲ್ಲಿ ಕೇಸರಿಬಾತು ಇಟ್ಟುಕೊಂಡೇ “ನಂಗೆ ಒಪ್ಪಿಗೆ” ಎಂದುಬಿಟ್ಟಿದ್ದ. ಬೆಳ್ಳಿ ತಟ್ಟೆ ಅಪ್ಪನಲ್ಲೇ ಉಳಿಯಿತು. ಮಾವ ವಾಪಸು ಬೆಂಗಳೂರು ತಲುಪುವವರೆಗೂ ಇವನ ಜೊತೆ ಮಾತಾಡಲಿಲ್ಲವಂತೆ. “ಇಂಥ ಬಾಯಿ ಇರೋರನ್ನ ಕಾರಂಗಡಿಗೆ ಕರ್ಕೊಂಡು ಹೋದ್ರೆ ಮುಗೀತು ಕಥೆ,” ಎಂದು, ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪ್ರತಿ ಪಾಟ್‌ಲಕ್ಕಿನಲ್ಲೂ ಅವಳು ಇದನ್ನು ಹೇಳಿ ನಗಿಸುತ್ತಿದ್ದಳು.

ತೊಂಬತ್ತಾರರ ವಸಂತದಲ್ಲಿ ಅವಳಿಗೆ ವರ್ಕ್ ಪರ್ಮಿಟ್ ಬಂತು, ಗೈದರ್ಸ್‌ಬರ್ಗಿನ ಲೈಬ್ರರಿಯಲ್ಲಿ ಕೆಲಸವೂ ಸಿಕ್ಕಿತು. ಡ್ರೈವಿಂಗ್ ಟೆಸ್ಟಿನ ಪ್ಯಾರಲಲ್ ಪಾರ್ಕಿಂಗಿನಲ್ಲಿ ಡುಮ್ಕಿ ಹೊಡೆದು, ಅತ್ತು, ಮತ್ತೆ ಹೋಗಿ ಲೈಸೆನ್ಸನ್ನೂ ತಂದಳು. ಇನ್ನು ಉಳಿದದ್ದು ಅವಳ ಕಾರು. ಶನಿವಾರ ರಾಕ್‌ವಿಲ್ಲಿಗೆ ಮುರಳೀಧರ ಡ್ರೈವರಾಗಿ ಬಂದವನು, ಹೇಳಿಸಿಕೊಳ್ಳದೆಯೇ ಪಾರ್ಕಿಂಗ್ ಲಾಟಿನಲ್ಲಿ ನಿಂತ.

ಒಳಗೆ ಕಡುಹಸಿರಿನ ಒಂದು ಪುಟ್ಟ ಕಾರಿತ್ತು. ಆ ಬಣ್ಣದಲ್ಲಿ ಉಳಿದದ್ದು ಅದೊಂದೇ. ಕಾತ್ಯಾಯಿನಿಯ ಕೈ ತಾನಾಗಿಯೇ ಬಾಗಿಲನ್ನು ಸವರಿತು. ಯಾವತ್ತೂ ಇಲ್ಲದವಳು ಡ್ರೈವರ್ ಸೀಟಿನಲ್ಲಿ ಕೂತು, ಸ್ಟಿಯರಿಂಗ್ ಹಿಡಿದು, ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡಳು. ಆ ಕಾರು ಅವಳಿಗೆ ಬೇಕಿತ್ತು, ಬೇರೆ ಯಾವುದೂ ಬೇಡವಾಗಿತ್ತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂತಾರಲ್ಲ, ಹಾಗಾಯಿತು ಅವಳ ಸ್ಥಿತಿ. ಡೇವ್ ಎಲ್ಲವನ್ನೂ ನೋಡುತ್ತ ನಿಂತಿದ್ದ.

ಆದರೂ ಪಟ್ಟು ಬಿಡದೆ ಕಾಫಿ ಕುಡಿದಳು, ಹಸಿರು ಕತ್ತಲಲ್ಲಿ ಕಾಣುವುದಿಲ್ಲವೆಂದಳು, ಮನೆಗೆ ಹೋಗಿ ತಿಳಿಸುತ್ತೇನೆಂದು ಎದ್ದಳು. ಡೇವ್ ಈ ಸಲ ಕುರ್ಚಿಯಿಂದ ಏಳಲೇ ಇಲ್ಲ. ಧಾರಾಳವಾಗಿ ಯೋಚನೆ ಮಾಡಿ ಎಂದು ನಕ್ಕ.

ಆ ಸಂಜೆ ಫೋನ್ ಬರಲಿಲ್ಲ. ಭಾನುವಾರ ಲೈನ್ ಬಿಜಿ ಆದೀತೆಂದು ಮೈಸೂರಿಗೂ ಫೋನ್ ಮಾಡಲಿಲ್ಲ. ಒಮ್ಮೆ ರಿಂಗಾದಾಗ ಒಗ್ಗರಣೆ ಬಿಟ್ಟು ಓಡಿದಳು; ಲಾಂಗ್ ಡಿಸ್ಟೆನ್ಸ್ ಫೋನ್ ಕಂಪನಿ ಬದಲಾಯಿಸುತ್ತೀರಾ ಎಂದು ಯಾರೋ ಕೇಳಿದರು. ಮದುವೆಗೆ ಮುಂಚೆ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಹತ್ತಿರ ಹೂ ಕೀಳುವ ನೆಪದಲ್ಲಿ ನಿಲ್ಲುತ್ತಿದ್ದ ಹುಡುಗಿಯ ನೆನಪಾಯಿತು. ಆ ಹುಡುಗಿಗೆ ಎಷ್ಟು ಅವಮಾನವಾಗುತ್ತಿತ್ತೆಂಬುದನ್ನು ಅವಳು ಯಾವ ಪಾಟ್‌ಲಕ್ಕಿನಲ್ಲೂ ಹೇಳಿರಲಿಲ್ಲ.

“ನೀನೇ ಫೋನ್ ಮಾಡಿ ತಗೋತೀನಿ ಅನ್ನು,” ಎಂದ ಮುರಳೀಧರ.

“ನಾನಾ? ಊರೆಲ್ಲ ನಗುತ್ತೆ,” ಎಂದಳು.

ಮಂಗಳವಾರ ಮಧ್ಯಾಹ್ನ ಮಾನ ಬಿಟ್ಟು ಫೋನ್ ಮಾಡಿಯೇಬಿಟ್ಟಳು. ಯಾರೋ ಬೇರೆಯವರು ಎತ್ತಿದರು. ಆ ಹಸಿರು ಕಾರು ಬೆಳಿಗ್ಗೆ ಮಾರಾಟವಾಯಿತಂತೆ. ರಿಸೀವರ್ ಇಟ್ಟು, ಬೇಡದಿದ್ದರೂ ಈರುಳ್ಳಿ ಹೆಚ್ಚುತ್ತ ಕೂತಳು. ಅಳುವುದಕ್ಕೆ ಅದು ಅನುಕೂಲ.

ಸಂಜೆ ಮುರಳೀಧರ ಎಂದಿಗಿಂತ ಬೇಗ ಬಂದ. “ಸ್ವಲ್ಪ ಕೆಳಗೆ ಬಾ,” ಎಂದ.

ಕೆಳಗೆ ಅವರ ಹಳೆಯ ಕಾರಿನ ಪಕ್ಕ ಹಸಿರು ಕಾರು ನಿಂತಿತ್ತು. ಹಳೆಯದನ್ನು ಓಡಿಸಿಕೊಂಡು ಬಂದಿದ್ದ ಪ್ರಶಾಂತ್ ಹಲ್ಲು ಕಿಸಿಯುತ್ತ, “ಈಗ ವಾವ್ ಅನ್ನಬಹುದಾ ಅಕ್ಕ?” ಎಂದ.

ಕಾತ್ಯಾಯಿನಿ ಕಾರಿಗೆ ಒಂದು ಸುತ್ತು ಬಂದಳು. ಅವಳ ಬಾಯಿಂದ ಮೊದಲು ಬಂದದ್ದು, “ಎಷ್ಟು ಇಳಿಸಿದ್ರಿ?”

“ಅವನು ಹೇಳ್ದ. ನಾನು ಸರಿ ಅಂದೆ.”

“ಒಂದು ಡಾಲರೂ ಇಳಿಸ್ಲಿಲ್ವಾ? ರೀ, ನಾನಿನ್ನು ಈ ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೇಗೆ!”

“ಊರಿಗೆ ಹೋಗಿ ಕಾಗದ ಬರೆಯೋಷ್ಟು ತಾಳ್ಮೆ ನಂಗಿಲ್ಲ ಕಾತ್ಯಾ. ಯಾರಾದ್ರೂ ತಗೊಂಡುಬಿಟ್ರೆ ಅಂತ ಭಯ. ಅವತ್ತೂ ಅದೇ ಭಯ ಆಗಿತ್ತು.”

ಇಷ್ಟು ವರ್ಷ ಅವಳು ಅದನ್ನು ಬಾಯಿಬಡುಕತನ ಎಂದೇ ತಿಳಿದಿದ್ದಳು. ಅವನು ಹೆದರಿದ್ದನೆಂದು ಈಗಲೇ ಗೊತ್ತಾದದ್ದು. ಆ ಸಲ ಅವಳು ಗೇಟಿನ ಹತ್ತಿರ ಒಂದು ದಿನವೂ ನಿಲ್ಲಬೇಕಾಗಿ ಬರಲಿಲ್ಲ. ಅವಳ ಕಣ್ಣು ತುಂಬಿತು, ಈ ಸಲ ಈರುಳ್ಳಿಯಿರಲಿಲ್ಲ.

“ಕೊಸರಾದ್ರೂ ಕೇಳಿದ್ರಾ?”

“ಕೇಳ್ದೆ!” ಮುರಳೀಧರ ಹೆಮ್ಮೆಯಿಂದ ಜೇಬಿಗೆ ಕೈಹಾಕಿ, ಅಂಗಡಿಯ ಹೆಸರು ಬರೆದಿದ್ದ ಪ್ಲಾಸ್ಟಿಕ್ ಕೀ ಚೈನನ್ನು ತೆಗೆದು ತೋರಿಸಿದ.

ಕಾತ್ಯಾಯಿನಿ ಕೀ ಕಸಿದುಕೊಂಡು ಡ್ರೈವರ್ ಸೀಟಿನಲ್ಲಿ ಕೂತಳು. ಕನ್ನಡಿ ಇನ್ನೂ ಅವಳ ಎತ್ತರಕ್ಕೇ ಇತ್ತು. ರಾಕ್‌ವಿಲ್ಲಿನಿಂದ ಇಲ್ಲಿಯವರೆಗೂ ಮುರಳೀಧರ ಅದನ್ನು ಮುಟ್ಟದೆ, ಕತ್ತು ಬಗ್ಗಿಸಿಕೊಂಡೇ ಓಡಿಸಿಕೊಂಡು ಬಂದಿದ್ದ.

“ಹತ್ತಿ,” ಎಂದಳು. “ಶೂ ಒರೆಸ್ಕೊಂಡು ಹತ್ತಿ.”

“ಎಲ್ಲಿಗೆ?”

“ರಾಕ್‌ವಿಲ್‌ಗೆ. ಮ್ಯಾಟ್ ಇಸ್ಕೊಂಡು ಬರೋಣ.”